ಸುವಾರ್ತೆಯೂ ಸಂವಾದವೂ

'ಮಿಶನ್' ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಶಾಲೆ, ಆಸ್ಪತ್ರೆ, ಕಿಟೆಲ್ ನಿಘಂಟು ಮತ್ತು ಮಂಗಳೂರು ಹೆಂಚು. ಕೆಲವರು ಇವುಗಳ ಜೊತೆಗೆ 'ಮತಾಂತರ' ಎಂಬ ಮಾತನ್ನೂ ಸೇರಿಸುತ್ತಾರೆ. ಅಲ್ಲಿಂದ ಮುಂದೆ ಚರ್ಚೆ ಜಗಳವಾಗುತ್ತದೆ. ಮಿಶನ್ ಎಂದರೇನು, ಅದಕ್ಕೆ ಹಕ್ಕೇನು ಎಂಬ ಪ್ರಶ್ನೆಯನ್ನು ಕ್ರೈಸ್ತ ಪಂಡಿತರೇ ನೂರು ವರ್ಷಗಳಿಂದ ತಮ್ಮತಮ್ಮಲ್ಲಿ ಕೇಳಿಕೊಳ್ಳುತ್ತಿದ್ದಾರೆ. ಆ ವಾದದಲ್ಲಿ ಕನ್ನಡ ನಾಡಿನವರೊಬ್ಬರು ಜಗತ್ತು ಕಿವಿಗೊಡುವಂತೆ ಮಾತನಾಡಿದರು. ಇದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ದಾಸರ ಪದಗಳನ್ನು ಅಚ್ಚು ಹಾಕಿಸಿದನು. ಕಿಟೆಲ್ಲನ ನಿಘಂಟು 1894ರಲ್ಲಿ ಹೊರಬಂದಿತು. ಇವರು ನಮ್ಮ ಗ್ರಂಥಗಳನ್ನು ಓದತೊಡಗಿದ್ದು ಧರ್ಮಪ್ರಚಾರಕ್ಕೆ ಅನುಕೂಲವಾಗಲೆಂದೇ. ಓದುತ್ತ ಓದುತ್ತ ಕೆಲವರಿಗೆ ಆ ಗ್ರಂಥಗಳ ಮೇಲೆಯೇ ಪ್ರೀತಿ ಹುಟ್ಟಿತು. ಆದರೆ ಹೊಸದಾಗಿ ದೀಕ್ಷಾಸ್ನಾನ ಪಡೆದವನ ಪಾಡು ಬೇರೆ. ಅವನು ಮನೆ, ಜಾತಿ, ಕಸುಬುಗಳನ್ನು ಒಮ್ಮೆಗೇ ಕಳೆದುಕೊಳ್ಳುತ್ತಿದ್ದನು. ಅಂಥವರಿಗೆ ಹೊಟ್ಟೆಪಾಡು ಕಲ್ಪಿಸಲೆಂದು ಮಿಶನ್ನಿನವರು ಮಗ್ಗಗಳನ್ನು ಹೂಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅನ್ನ ಸಿಕ್ಕಿತು, ಆದರೆ ಕ್ರೈಸ್ತನು ಮಿಶನ್ ಕಾಂಪೌಂಡಿನ ಒಳಗೂ ನೆರೆಹೊರೆಯವರು ಅದರ ಹೊರಗೂ ಉಳಿದರು. ಆ ಗೋಡೆಯನ್ನು ಏನು ಮಾಡಬೇಕೆಂಬುದೇ ಮುಂದಿನ ದೇವಶಾಸ್ತ್ರದ ಸಮಸ್ಯೆ.

1910ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಮಿಶನರಿ ಮಹಾಸಭೆಗೆ ಜಗತ್ತನ್ನೆಲ್ಲ ಕ್ರಿಸ್ತನ ಕಡೆಗೆ ತಿರುಗಿಸಬಲ್ಲೆವೆಂಬ ಉತ್ಸಾಹವಿತ್ತು. ನಾಲ್ಕೇ ವರ್ಷಗಳಲ್ಲಿ ಕ್ರೈಸ್ತ ರಾಷ್ಟ್ರಗಳೇ ಒಂದನ್ನೊಂದು ಕೊಲ್ಲತೊಡಗಿದವು. ನಮ್ಮ ಕರಾವಳಿಯ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಸೆರೆಯಲ್ಲಿಟ್ಟಿತು. ಎರಡನೆಯ ಯುದ್ಧವಾಯಿತು, ಸಾಮ್ರಾಜ್ಯಗಳು ಕುಸಿದವು. 1952ರಲ್ಲಿ ಜರ್ಮನಿಯ ವಿಲ್ಲಿಂಗೆನ್‌ನಲ್ಲಿ ಸೇರಿದ ಸಭೆಯಿಂದ ಹೊಸದೊಂದು ವಿಚಾರ ಬೆಳೆಯಿತು: ಮಿಶನ್ ಎಂಬುದು ಚರ್ಚಿನ ಸ್ವತ್ತಲ್ಲ, ಅದು ದೇವರ ಕಾರ್ಯ, ಚರ್ಚು ಅದರಲ್ಲಿ ಆಳು ಮಾತ್ರ. ಕೇಳಲು ವಿನಯದ ಮಾತು. ಆದರೆ ಅದರಿಂದ ಏಳುವ ಪ್ರಶ್ನೆ ದೊಡ್ಡದು. ಪಾದ್ರಿ ಬರುವುದಕ್ಕೆ ಮುಂಚೆಯೇ ದೇವರು ಊರಿನಲ್ಲಿ ಕೆಲಸ ಮಾಡುತ್ತಿದ್ದನೆಂದ ಮೇಲೆ, ನೆರೆಯವನ ಪ್ರಾರ್ಥನೆಯಲ್ಲಿಯೂ ಅವನಿರಬಹುದಷ್ಟೆ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯರು ಸ್ಟ್ಯಾನ್ಲಿ ಸಮರ್ಥ. ಅವರು ಹುಟ್ಟಿದ್ದು 1920ರಲ್ಲಿ, ಕಾರ್ಕಳದಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಿ. ಡಿ. ದೇವನಂದನ್ ಅವರ ಶಿಷ್ಯರಾಗಿದ್ದು, ವಿದೇಶಗಳಲ್ಲಿ ಓದಿ ಬಂದು, ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಪಾಠ ಹೇಳಿದರು. ಗೊಮ್ಮಟನ ಊರಿನಲ್ಲಿ ಹುಟ್ಟಿದವರಿಗೆ ಜೈನರೂ ವೈದಿಕರೂ ಪುಸ್ತಕದ ವಿಷಯಗಳಾಗಿರಲಿಕ್ಕಿಲ್ಲ, ನೆರೆಮನೆಯವರಾಗಿದ್ದಿರಬೇಕು ಎಂದು ನಾನು ಊಹಿಸುತ್ತೇನೆ. ಜಿನೀವಾದ ಚರ್ಚುಗಳ ಜಾಗತಿಕ ಮಂಡಳಿ 1971ರಲ್ಲಿ ಅನ್ಯಧರ್ಮೀಯರೊಡನೆ ಸಂವಾದಕ್ಕಾಗಿಯೇ ಒಂದು ವಿಭಾಗವನ್ನು ತೆರೆದಾಗ ಅದರ ಮೊದಲ ನಿರ್ದೇಶಕರು ಇವರೇ ಆದರು.

ಇದು ಎಲ್ಲರಿಗೂ ಹಿಡಿಸಲಿಲ್ಲ. 1975ರ ನೈರೋಬಿ ಅಧಿವೇಶನದಲ್ಲಿ, ಸಂವಾದವೆಂದರೆ ಸುವಾರ್ತೆಗೆ ದ್ರೋಹ, ಧರ್ಮಗಳ ಕಲಬೆರಕೆ ಎಂದು ಬಲವಾದ ಆಕ್ಷೇಪಣೆ ಬಂದಿತು. ಆಕ್ಷೇಪಿಸಿದವರನ್ನು ಸಂಕುಚಿತರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಬ್ಬನು ತನಗೆ ಸತ್ಯವೆಂದು ಕಂಡುದನ್ನು ಇನ್ನೊಬ್ಬನಿಗೆ ಹೇಳದೆ ಇರುವುದು ಸೌಜನ್ಯವೋ, ಉದಾಸೀನವೋ? ಸಮರ್ಥರ ಉತ್ತರ ಅವರ 1991ರ ಪುಸ್ತಕದ ಹೋಲಿಕೆಯೊಂದರಲ್ಲಿದೆ. ಹೆಲಿಕಾಪ್ಟರಿನಂತೆ ಮೇಲಿನಿಂದ ಇಳಿಯುವ ಕ್ರಿಸ್ತತತ್ತ್ವ ಎಬ್ಬಿಸುವ ಧೂಳಿಗೂ ಸದ್ದಿಗೂ ಸುತ್ತಲಿನ ಜನ ಇಳಿದವನನ್ನು ಕಾಣಲಾರರು, ಅವನ ಮಾತನ್ನು ಕೇಳಲಾರರು. ಎತ್ತಿನ ಗಾಡಿಯ ಕ್ರಿಸ್ತತತ್ತ್ವವಾದರೋ ನೆಲಕ್ಕೆ ಗಾಲಿಯೂರಿಯೇ ಸಾಗಬೇಕು. ಕೆರೆಬಿಳಚಿಯಲ್ಲಿ ಬೆಳೆದ ನನಗೆ ಈ ಹೋಲಿಕೆಗೆ ಟೀಕೆ ಬೇಕಾಗಲಿಲ್ಲ. ಸೂಳೆಕೆರೆಯ ಬಯಲಿನ ದಾರಿಯಲ್ಲಿ ಗಾಡಿ ಹೊಡೆಯುವವನು ಎದುರಿಗೆ ಬಂದವರನ್ನೆಲ್ಲ ಮಾತನಾಡಿಸಿಯೇ ಮುಂದೆ ಹೋಗಬೇಕು. (ಈಗ ಅಲ್ಲಿ ಟ್ರಾಕ್ಟರುಗಳದೇ ಸದ್ದು ಎಂಬುದು ಬೇರೆ ಮಾತು.)

ಆದರೂ ಗಾಡಿ ಯಾರ ಕೇರಿಗೆ ಹೋಯಿತು ಎಂದು ಕೇಳಿದವರಿದ್ದಾರೆ. 1981ರಲ್ಲಿ ಅದೇ ಬೆಂಗಳೂರಿನ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎಂಬ ವಿದ್ವಾಂಸರು ಶೂದ್ರ ದೇವಶಾಸ್ತ್ರವೊಂದು ಬೇಕೆಂದು ಉಪನ್ಯಾಸ ಮಾಡಿದರು; ದಲಿತ ದೇವಶಾಸ್ತ್ರ ಬೆಳೆದದ್ದು ಅದರಿಂದ. ಭಾರತದ ಕ್ರೈಸ್ತ ಚಿಂತಕರು ವೇದಾಂತಿಗಳೊಡನೆ ಮಾತನಾಡುತ್ತ ಕುಳಿತರು. ಚರ್ಚಿನಲ್ಲಿ ತುಂಬಿರುವವರು ಊರಾಚೆಯ ಕೇರಿಯವರು, ಅವರ ನೋವಿಗೆ ಇಲ್ಲಿ ಮಾತಿಲ್ಲ ಎಂಬುದು ಈ ಪಂಥದ ವಾದ. ಇದರಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಮತಾಂತರವು ಪಂಡಿತನಿಗೆ ತತ್ತ್ವದ ಪ್ರಶ್ನೆ. ಕೆರೆಯ ನೀರು ಮುಟ್ಟಬಾರದೆನ್ನಿಸಿಕೊಂಡವನಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಜಾಗತಿಕ ಮಂಡಳಿಯೂ 2013ರಲ್ಲಿ ಬೂಸಾನಿನ ಅಧಿವೇಶನದ ಮುಂದಿಟ್ಟ ಹೇಳಿಕೆಯಲ್ಲಿ, ಮಿಶನ್ ಅಂಚಿನಲ್ಲಿರುವವರಿಗೆ ಮಾಡುವ ಉಪಕಾರವಲ್ಲ, ಅಂಚಿನಿಂದಲೇ ಹೊರಡತಕ್ಕದ್ದು ಎಂದು ಒಪ್ಪಿಕೊಂಡಿತು.

ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಹೇಳುವುದಕ್ಕೂ ಬದಲಾಯಿಸುವುದಕ್ಕೂ ನಡುವೆ ಗೆರೆ ಎಳೆಯಲು ನ್ಯಾಯಾಧೀಶರೂ ದೇವಶಾಸ್ತ್ರಿಗಳೂ ಬೇರೆಬೇರೆ ಕೋಣೆಗಳಲ್ಲಿ ಕುಳಿತು ಹೆಣಗಿದ್ದಾರೆ.

ಈ ಗೆರೆಯ ಗೊಡವೆಯಿಲ್ಲದವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ. ಮಗುವಿನ ಕಾಯಿಲೆಗೆ ಹರಕೆ ಹೊತ್ತ ತಾಯಿ ಮೇಣದಬತ್ತಿ ಹಚ್ಚಿ, ಬಂದ ಹಾದಿಯಲ್ಲಿಯೇ ಹರಿಹರೇಶ್ವರನಿಗೂ ಕೈಮುಗಿದು, ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾಳೆ. ಅವಳು ಮತಾಂತರಗೊಂಡವಳಲ್ಲ, ಸಂವಾದಕ್ಕೆ ಕುಳಿತವಳೂ ಅಲ್ಲ. ನಾನು ಓದಿದ ಪುಸ್ತಕಗಳಲ್ಲಿ ಅವಳಿಗೆ ಇನ್ನೂ ಒಂದು ಹೆಸರು ಸಿಕ್ಕಿಲ್ಲ.