ಕಾಡುಮರದ ಬೀಜ ಮೊಳೆಯದೆ ಕೂರುವುದೇಕೆ?

ಜೀವವಿರುವ ಬೀಜ ನೀರು, ಗಾಳಿ, ಹದವಾದ ಬಿಸಿ ಎಲ್ಲ ಸಿಕ್ಕರೂ ಮೊಳೆಯದೆ ಉಳಿಯುವ ಸ್ಥಿತಿಯೇ ಸುಪ್ತಾವಸ್ಥೆ. ರಾಗಿ, ಜೋಳ, ತೊಗರಿಯಲ್ಲಿ ಇದು ಹೆಚ್ಚುಕಡಿಮೆ ಇಲ್ಲ. ಬೇಗನೆ, ಒಟ್ಟಿಗೆ ಮೊಳೆತ ಗಿಡಗಳ ಬೀಜವೇ ತಲೆತಲಾಂತರದಿಂದ ಬಿತ್ತನೆಗೆ ಉಳಿದು ಬಂದಿದೆ. ಕಾಡಿನ ಲೆಕ್ಕ ಬೇರೆ. ಏಪ್ರಿಲ್‌ನ ಒಂದು ಅಡ್ಡಮಳೆಗೆ ಬೀಜವೆಲ್ಲ ಮೊಳೆತರೆ ಮೇ ಬಿಸಿಲಿಗೆ ಒಂದೂ ಉಳಿಯದು. ಅದಕ್ಕೇ ಕೆಲವು ಈ ವರ್ಷ ಏಳುತ್ತವೆ, ಕೆಲವು ಮುಂದಿನ ವರ್ಷ. ಬದುವಿಗೆಂದು ಸಸಿ ಮಾಡುವವರು ಮಾತ್ರ ಬೀಜ ಜೊಳ್ಳೆಂದುಕೊಂಡು ಮಡಿ ಕೆಡವುತ್ತಾರೆ.

ತಡೆ ಸಿಪ್ಪೆಯಲ್ಲಿದೆಯೋ ಒಳಗಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಹಿಡಿ ಬೀಜವನ್ನು ರಾತ್ರಿ ನೆನೆಹಾಕಿದರೆ ಸಾಕು. ಕಕ್ಕೆ, ಸುಬಾಬುಲ್, ಜಾಲಿಯ ಬಹುಪಾಲು ಬೀಜಗಳು ಬೆಳಿಗ್ಗೆಯೂ ಕಲ್ಲಿನಂತೆಯೇ ಇರುತ್ತವೆ. ಸಿಪ್ಪೆ ನೀರನ್ನೇ ಒಳಗೆ ಬಿಟ್ಟಿರುವುದಿಲ್ಲ. ಸ್ವಲ್ಪವೇ ಬೀಜವಿದ್ದರೆ ಉಗುರು ಕತ್ತರಿಯಿಂದ ಸಿಪ್ಪೆಯನ್ನು ತುಸು ಚಿವುಟುವುದು ಎಲ್ಲಕ್ಕಿಂತ ಖಚಿತ. ಬೀಜ ಕಾಯಿಗೆ ಅಂಟಿಕೊಂಡಿದ್ದ ತುದಿಯ ಬಳಿ ಮೊಳಕೆ ಇರುವುದರಿಂದ ಅದರ ಎದುರು ತುದಿಯಲ್ಲಿ ಚಿವುಟಬೇಕು. ಸುಬಾಬುಲ್‌ಗೆ ಸುಮಾರು 80 ಡಿಗ್ರಿಯ ಬಿಸಿನೀರಿನಲ್ಲಿ 3ರಿಂದ 5 ನಿಮಿಷ ಇಟ್ಟು, ಬಸಿದು, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುವುದು ರೂಢಿ. ಒಲೆಯ ಮೇಲೆ ಕುದಿಸಿದರೆ ಬೀಜ ಬೇಯುತ್ತದೆ, ಅಷ್ಟೇ. ಗಂಧಕಾಮ್ಲದ ಉಪಚಾರವೂ ಉಂಟು, ಆದರೆ ಮನೆಯಂಗಳದಲ್ಲಿ ಅದರ ಸಹವಾಸ ಬೇಡ.

ತೇಗದ್ದು ಇನ್ನೊಂದು ಬಗೆ. ಬಿತ್ತುವುದು ಬರಿ ಬೀಜವನ್ನಲ್ಲ, ಗಟ್ಟಿ ಕಾಯಿಯನ್ನೇ. ಅದರೊಳಗೆ ನಾಲ್ಕರವರೆಗೆ ಬೀಜಗಳಿರಬಹುದು. ಕಾಯಿಯನ್ನು ಗೋಣಿಚೀಲದಲ್ಲಿ ಕಟ್ಟಿ ರಾತ್ರಿ ನೀರಿನಲ್ಲಿ ಮುಳುಗಿಸಿ, ಹಗಲು ಬಿಸಿಲಿಗೆ ಹರಡುವುದನ್ನು ಒಂದೆರಡು ವಾರ ನಡೆಸಬೇಕು. ಆಗ ತಾನೇ ಉದುರಿದ ಕಾಯಿಗಿಂತ ವರ್ಷ ಕಳೆದದ್ದು ಚೆನ್ನಾಗಿ ಮೊಳೆಯುತ್ತದೆ. ಇಷ್ಟಾದರೂ ಎಲ್ಲ ಒಮ್ಮೆಲೇ ಏಳುವುದಿಲ್ಲ.

ಶ್ರೀಗಂಧದಲ್ಲಿ ತಡೆ ಒಳಗೂ ಇದೆ. ಹಣ್ಣಿನ ತಿರುಳನ್ನು ತೊಳೆದು ನೆರಳಲ್ಲಿ ಒಣಗಿಸಿದ ಬೀಜ ಸುಮಾರು ಎರಡು ತಿಂಗಳು ಸುಪ್ತವಾಗಿರುತ್ತದೆ. ಅವಧಿ ಮುಗಿದ ಬೀಜವನ್ನೂ ಶೇ. 0.05ರ ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ, ಅಂದರೆ ಲೀಟರಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ, ರಾತ್ರಿ ನೆನೆಸಿ ಬಿತ್ತಿದರೆ ಮೊಳಕೆ ಹೆಚ್ಚು ಸಮನಾಗಿ ಬರುತ್ತದೆ. ಪುಡಿ ನೇರವಾಗಿ ನೀರಿಗೆ ಬೆರೆಯದು; ಮೊದಲು ತುಸು ಆಲ್ಕೋಹಾಲಿನಲ್ಲಿ ಕರಗಿಸಬೇಕು. ಸಸಿಯನ್ನು ಕಿತ್ತು ಚೀಲಕ್ಕೆ ನೆಡುವಾಗ ಪಕ್ಕದಲ್ಲಿ ತೊಗರಿಯಂಥ ಆಸರೆ ಗಿಡ ಇರಬೇಕು, ಏಕೆಂದರೆ ಶ್ರೀಗಂಧದ ಬೇರು ಆಸರೆ ಗಿಡದ ಬೇರಿನಿಂದಲೂ ಆಹಾರ ಹೀರುತ್ತದೆ. ಮಲೆನಾಡಿನ ಉಪ್ಪಾಗೆ ಬೀಜವಂತೂ ತಿಂಗಳುಗಟ್ಟಲೆ ಕಾಯಿಸುತ್ತದೆ. ಮೇಲಿನ ಸಿಪ್ಪೆಯನ್ನು ಜೋಪಾನವಾಗಿ ಸುಲಿದು ಬಿತ್ತಿದರೆ ಬಹಳ ಬೇಗ ಮೊಳೆಯುತ್ತದೆ.

ಈ ಉಪಚಾರ ಯಾವುದೂ ಬೇಡದ ಬೀಜಗಳೂ ಇವೆ. ಬೇವಿನ ಬೀಜಕ್ಕೆ ಬಿಸಿನೀರು ಹಾಕಿದರೆ ಇದ್ದ ಜೀವವೂ ಹೋಗುತ್ತದೆ. ಹಣ್ಣು ಆಯ್ದ ಎರಡು ವಾರದೊಳಗೆ ಅದು ಮಡಿ ಸೇರುವುದು ಒಳ್ಳೆಯದು. ಹಲಸಿನ ಬೀಜ ಒಣಗಿದರೇ ಸತ್ತಂತೆ. ತೇಗಕ್ಕೆ ಹಳೆಯದು ಲೇಸು, ಶ್ರೀಗಂಧಕ್ಕೆ ಎರಡು ತಿಂಗಳು ಕಳೆದದ್ದು, ಬೇವು, ಹಲಸಿಗೆ ತಾಜಾ. ಹಾಗಾಗಿ ಆಯ್ದ ತಿಂಗಳು ಯಾವುದೆಂದು ಕೇಳದೆ ಕಾಡುಮರದ ಬೀಜಕ್ಕೆ ದುಡ್ಡು ಕೊಡಬಾರದು.