ಮಕ್ಕಳ ಆರೋಗ್ಯ ವಿಮೆ ಮತ್ತು ತೆರಿಗೆ ರಿಯಾಯಿತಿ



ಆರೋಗ್ಯ ವಿಮೆ ಮಾಡಿಸಿದರೆ ತೆರಿಗೆ ಉಳಿಯುತ್ತದೆ ಎಂಬ ಮಾತನ್ನು ವಿಮಾ ಏಜೆಂಟರ ಬಾಯಲ್ಲಿ ನಾವೆಲ್ಲ ಕೇಳಿದ್ದೇವೆ. ಮಾತು ಸುಳ್ಳಲ್ಲ. ಆದರೆ ಅದು ಯಾರಿಗೆ ಉಳಿಯುತ್ತದೆ, ಅಡಿಕೆ-ಕಾಫಿ ನಂಬಿದ ಮನೆಯ ಮಕ್ಕಳಿಗೆ ಅದರಿಂದ ಏನು ದಕ್ಕುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

1961ರ ಆದಾಯ ತೆರಿಗೆ ಕಾಯಿದೆಯ 80ಡಿ ಕಲಮಿನಂತೆ, 60 ವರ್ಷ ತುಂಬದವರು ತಮಗೆ, ಗಂಡ ಅಥವಾ ಹೆಂಡತಿಗೆ ಹಾಗೂ ಅವಲಂಬಿತ ಮಕ್ಕಳಿಗೆ ಕಟ್ಟಿದ ವಿಮಾ ಕಂತನ್ನು ವರ್ಷಕ್ಕೆ ರೂ. 25,000ದವರೆಗೆ ಆದಾಯದಿಂದ ಕಳೆಯಬಹುದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯಿದೆಯಲ್ಲಿಯೂ ಈ ರಿಯಾಯಿತಿ ಇದೆ. ಇಲ್ಲಿ ಕಳೆಯುವುದು ಆದಾಯದಿಂದ, ತೆರಿಗೆಯಿಂದ ಅಲ್ಲ. ಶೇ. 20ರ ದರದಲ್ಲಿ ತೆರಿಗೆ ಕೊಡುವವರು ರೂ. 20,000 ಕಂತು ಕಟ್ಟಿದರೆ ಸುಮಾರು ರೂ. 4,000 ಉಳಿದೀತು. ತೆರಿಗೆಯೇ ಇಲ್ಲದವರಿಗೆ ಉಳಿಯುವುದು ಸೊನ್ನೆ.

ನಮ್ಮಲ್ಲಿ ಬಹುಪಾಲು ಈ ಎರಡನೆಯ ಸಾಲಿನವರು. ತೋಟದ ಅಡಿಕೆ ಮಾರಿ ಬಂದದ್ದು ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಾಫಿಯನ್ನು ಚೆರ್ರಿಯಾಗಿಯೋ ಪಾರ್ಚ್‌ಮೆಂಟಾಗಿಯೋ ಮಾರಿದರೂ ಹಾಗೆಯೇ. ಕ್ಯೂರಿಂಗ್ ಮಾಡಿಸಿ ಮಾರಿದವರಿಗೆ ಮಾತ್ರ ಆ ಆದಾಯದ ಶೇ. 25 ಭಾಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಬೆಂಗಳೂರಿನ ನೌಕರನ ಮಗುವಿನ ಕಂತಿನಲ್ಲಿ ಒಂದು ಪಾಲನ್ನು ಸರಕಾರ ಹೊತ್ತರೆ, ಸಣ್ಣ ಬೆಳೆಗಾರನ ಮಗುವಿನ ಕಂತು ಪೂರ್ತಿ ಅಪ್ಪನ ತಲೆಯ ಮೇಲೆಯೇ. ಇದು ಸರಿಯಾದ ವ್ಯವಸ್ಥೆ ಎಂದು ನಮಗೆ ತೋರುವುದಿಲ್ಲ.

ನೌಕರರಿಗೂ ಈಗ ಒಂದು ತೊಡಕಿದೆ. 2023-24ರಿಂದ, ಬೇರೆ ಆಯ್ಕೆ ಮಾಡದಿದ್ದರೆ, ಹೊಸ ತೆರಿಗೆ ಪದ್ಧತಿಯೇ ಅನ್ವಯವಾಗುತ್ತದೆ. ಅದರಲ್ಲಿ ಈ ರಿಯಾಯಿತಿ ಇಲ್ಲ.

ಒಟ್ಟು ಕುಟುಂಬದವರು ಇನ್ನೊಂದನ್ನು ಗಮನಿಸಬೇಕು. ಮೊಮ್ಮಗನ ಕಂತನ್ನು ಅಜ್ಜ ತನ್ನ ಹೆಸರಿನಲ್ಲಿ ಕಟ್ಟಿದರೆ ಅಜ್ಜನಿಗೆ ರಿಯಾಯಿತಿ ಸಿಗದು. ಕಲಮಿನಲ್ಲಿ ಮಕ್ಕಳಿದ್ದಾರೆ, ಮೊಮ್ಮಕ್ಕಳಿಲ್ಲ. ತೆರಿಗೆ ಕೊಡುವ ತಂದೆ ಅಥವಾ ತಾಯಿಯೇ ಕಟ್ಟಬೇಕು; ಅವಿಭಕ್ತ ಕುಟುಂಬಕ್ಕೆ ಪ್ರತ್ಯೇಕ ತೆರಿಗೆ ಲೆಕ್ಕವಿದ್ದರೆ ಅದರ ಯಾವ ಸದಸ್ಯನ ಕಂತಾದರೂ ಸಲ್ಲುತ್ತದೆ. ನಗದಾಗಿ ಕಟ್ಟಿದ ಕಂತು ಲೆಕ್ಕಕ್ಕಿಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕ ಕಟ್ಟಿರಿ.

ತೆರಿಗೆ ಕೊಡದ ಬೆಳೆಗಾರನಿಗೂ ನೇರವಾಗಿ ತಲುಪಿದ್ದು ಜಿ.ಎಸ್.ಟಿ. ಬದಲಾವಣೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ, ಮನೆಮಂದಿಗೆಲ್ಲ ಒಂದೇ ಆದ ಫ್ಯಾಮಿಲಿ ಫ್ಲೋಟರ್ ಪಾಲಿಸಿಗೂ, ಶೇ. 18 ಜಿ.ಎಸ್.ಟಿ. ತೆಗೆಯಲಾಯಿತು. ಹಿಂದೆ ರೂ. 20,000 ಕಂತಿಗೆ ರೂ. 3,600 ತೆರಿಗೆ ಸೇರಿ 23,600 ಆಗುತ್ತಿತ್ತು. ಆದರೆ ಕಂಪನಿಗಳು ತಾವು ಕೊಟ್ಟ ತೆರಿಗೆಯನ್ನು ಇನ್ನು ವಾಪಸು ಹೊಂದಿಸಿಕೊಳ್ಳುವಂತಿಲ್ಲ. ಆದ್ದರಿಂದ ಮೂಲ ಕಂತೇ ಏರಿದೆಯೇ ಎಂದು ಹಳೆಯ ರಸೀದಿ ಇಟ್ಟುಕೊಂಡು ತಾಳೆ ನೋಡಿರಿ. ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ.

ಕಂತು ಕಟ್ಟಲಾಗದವರಿಗೆ ಸಹಕಾರಿಗಳದೇ ಆದ ಯಶಸ್ವಿನಿ ಇದೆ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಗಿ, 2022ರಲ್ಲಿ ಮರಳಿತು. ನೋಂದಣಿಯ ವೇಳೆ ಮನೆಯೊಡೆಯನ ಹೆಸರಷ್ಟೇ ಬರೆಸಿ ಬಾರದೆ, ಹೊಸದಾಗಿ ಹುಟ್ಟಿದ ಮಗುವಿನದೂ ಸೇರಿ ಪ್ರತಿ ಮಗುವಿನ ಹೆಸರು ಪಟ್ಟಿಯಲ್ಲಿದೆಯೇ ಎಂದು ಸಂಘದ ಕಚೇರಿಯಲ್ಲಿ ವಿಚಾರಿಸಿರಿ.