ಆಫರ್ ಬರಲಿ ಅಂತ ಒಪಿಟಿಗೆ ಕಾಯಬೇಡಿ

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಡೇಟಾ ಸೈನ್ಸ್ ಎಂ.ಎಸ್. ಮಾಡುತ್ತಿದ್ದೇನೆ. ಮೇ ತಿಂಗಳಲ್ಲಿ ಮುಗಿಯುತ್ತದೆ. ಕೆಲಸ ಸಿಕ್ಕ ಮೇಲೆ ಒಪಿಟಿಗೆ ಅರ್ಜಿ ಹಾಕಿದರೆ ಸಾಲದೆ?

ಉತ್ತರ: ಸಾಲದು. ಒಪಿಟಿ ಎಂದರೆ ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ. ಅದರ ಅರ್ಜಿಗೆ ಆಫರ್ ಲೆಟರ್ ಬೇಕಾಗಿಯೇ ಇಲ್ಲ, ಬೇಕಿರುವುದು ಸಮಯಪಾಲನೆ. ಕೋರ್ಸ್ ಮುಗಿಯುವುದಕ್ಕೆ 90 ದಿನ ಮುಂಚೆ ಬಾಗಿಲು ತೆರೆಯುತ್ತದೆ, ಮುಗಿದ 60 ದಿನಕ್ಕೆ ಮುಚ್ಚುತ್ತದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಚೇರಿ ಶಿಫಾರಸು ದಾಖಲಿಸಿದ 30 ದಿನದೊಳಗೆ ಐ-765 ಅರ್ಜಿ ಸಲ್ಲಿಕೆಯಾಗಬೇಕು.

ಹುಡುಗರು ಎಡವುವುದು ಒಪಿಟಿ ಶುರುವಾಗುವ ದಿನವನ್ನು ಆರಿಸುವಾಗ. ಕೋರ್ಸ್ ಮುಗಿದ 60 ದಿನದೊಳಗಿನ ಯಾವುದೇ ದಿನವನ್ನು ಕೇಳಬಹುದು. ಅನುಮತಿ ಸಿಕ್ಕು ಆ ದಿನ ಬಂದ ಮೇಲೆ ಕೆಲಸವಿಲ್ಲದ ಪ್ರತಿ ದಿನವೂ ಲೆಕ್ಕಕ್ಕೆ ಸೇರುತ್ತದೆ, ಶನಿವಾರ ಭಾನುವಾರವೂ ಸೇರಿ. ಒಟ್ಟು 90 ದಾಟುವಂತಿಲ್ಲ. ಕೈಯಲ್ಲಿ ಕೆಲಸವಿಲ್ಲದಿದ್ದರೆ ತಡವಾದ ದಿನಾಂಕವೇ ಒಳ್ಳೆಯದು. ನಿಮ್ಮ ವಿಷಯಕ್ಕೆ ಸಂಬಂಧಿಸಿದ, ವಾರಕ್ಕೆ ಕನಿಷ್ಠ 20 ಗಂಟೆಯ, ಕಾರ್ಮಿಕ ಕಾನೂನು ಒಪ್ಪುವ ಸ್ವಯಂಸೇವೆ ಸಿಕ್ಕರೂ ಈ ಎಣಿಕೆ ನಿಲ್ಲುತ್ತದೆ.

ಮೊದಲ 12 ತಿಂಗಳ ನಂತರ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪದವೀಧರರಿಗೆ ಇನ್ನೂ 24 ತಿಂಗಳ ವಿಸ್ತರಣೆ ಇದೆ. ಆದರೆ ಅಲ್ಲಿ ಸಂಬಳ ಇರಲೇಬೇಕು, ಕಂಪನಿ ಇ-ವೆರಿಫೈ ಎಂಬ ಸರ್ಕಾರಿ ಪರಿಶೀಲನಾ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು. ಸಂದರ್ಶನದಲ್ಲೇ ಇದನ್ನು ಕೇಳಿ, ಸಂಕೋಚ ಬೇಡ.

ಎಚ್-1ಬಿ ಕೆಲಸದ ವೀಸಾದ ಮಾತು ಬೇರೆ. ವರ್ಷಕ್ಕೆ 65,000 ವೀಸಾ, ಅಮೆರಿಕದ ಸ್ನಾತಕೋತ್ತರರಿಗೆ ಮತ್ತೆ 20,000 ಅಷ್ಟೇ. ವಿಶ್ವವಿದ್ಯಾಲಯಗಳ ನೌಕರಿಗೆ ಈ ಮಿತಿಯಿಲ್ಲ. ನಮ್ಮವರು ಅತ್ತ ನೋಡುವುದೇ ಕಡಿಮೆ.

ಇನ್ನು, ದುಡ್ಡು ಕೊಟ್ಟರೆ ನೌಕರಿಯ ಪತ್ರ ಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳ ಹತ್ತಿರವೂ ಸುಳಿಯಬೇಡಿ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ಮುನ್ನ ವಿದ್ಯಾರ್ಥಿ ಕಚೇರಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.